ಪಾರೂನ ಉಡಿ

ಟಿಕ್, ಟಿಕ್ಕಿ, ಟಿಕ್. ನಲವತ್ತು ಹುಡುಗಿಯರು, ಎಂಬತ್ತು ಹೆಣಿಗೆಯ ಸೂಜಿ. ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ನಮ್ಮ ಕಾನ್ವೆಂಟಿನ ಹಾಲಿನಲ್ಲಿ ಏಳುತ್ತಿದ್ದ ಸದ್ದು ಅದು. ಹಂಚಿನ ಮೇಲೆ ತುಂತುರು ಬಿದ್ದ ಹಾಗಿತ್ತು ಎಂದು ಬರೆದರೆ ಓದಲು ಚೆಂದ. ಖರೆ ಹೇಳಬೇಕೆಂದರೆ, ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗಿತ್ತು.

ಆ ಎಂಬತ್ತರಲ್ಲಿ ಒಂದು ಸೂಜಿ ಇನ್ನೂ ನನ್ನ ಹತ್ತಿರ ಇದೆ. ಲಂಗಕ್ಕೆ ಲಾಡಿ ಪೋಣಿಸಲು ಅದರಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ. ಮೊನ್ನೆ ಪೋಣಿಸುತ್ತಿದ್ದಾಗ ಮೊಮ್ಮಗಳು ನೋಡಿ, "ಅಜ್ಜಿ, ಇಷ್ಟು ಉದ್ದ ಸೂಜಿಲೇ ಏನು ಹೊಲೀತಿದ್ರಿ ನೀವು?" ಅಂದಳು. "ಹಡಗಕ್ಕ ಕಾಲಚೀಲಾ ಹೆಣೀತಿದ್ವಿ" ಅಂದೆ. ಅವಳು ನಕ್ಕಳು. ನಗಲಿ. ಹಡಗಿಗೆ ಕಾಲೆಲ್ಲಿರುತ್ತದೆ? ನಾನೂ ನಕ್ಕೆ. ಆಮೇಲೆ ಲಾಡಿಯ ತುದಿ ಒಳಗೇ ಸಿಕ್ಕಿಕೊಂಡಿತು. ಎಷ್ಟು ಜಗ್ಗಿದರೂ ಬರಲಿಲ್ಲ. ಲಂಗವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟೆ.

ನಾವು ಹುಬ್ಬಳ್ಳಿಯ ಹುಡುಗಿಯರು ಸಮುದ್ರವನ್ನು ಕಂಡವರಲ್ಲ. ಉಣಕಲ್ ಕೆರೆಯೇ ನಮಗೆ ದೊಡ್ಡ ನೀರು. ಎರಡನೇ ಮಹಾಯುದ್ಧದ ಕಾಲದಲ್ಲಿ, ವಿಲಾಯತಿಯಲ್ಲಿ ಊರಿಗೊಂದು ಯುದ್ಧದ ಹಡಗನ್ನು ದತ್ತು ತೆಗೆದುಕೊಳ್ಳುತ್ತಿದ್ದಾರೆಂದು ಎಲ್ಲಿಯೋ ಓದಿದ ನಮ್ಮ ಸಿಸ್ಟರ್ ಆಗ್ನೆಸ್‌ಗೆ, ನಮ್ಮ ಶಾಲೆಯೂ ಒಂದನ್ನು ತೆಗೆದುಕೊಳ್ಳಬೇಕು ಎಂಬ ಹುಮ್ಮಸ್ಸು ಬಂತು. "ಗರ್ಲ್ಸ್, ನಿಮ್ಮಲ್ಲಿ ಯಾರಿಗಾದರೂ ಒಬ್ಬ ಸೇಲರ್ ಗೊತ್ತೇನು?" ಎಂದು ಕೇಳಿದರು. ಹಾಲು ತುಂಬ ವಕೀಲರ, ಡಾಕ್ಟರರ, ಅರಳೆ ವ್ಯಾಪಾರಿಗಳ ಮಕ್ಕಳು. ಯಾರೂ ಕೈ ಎತ್ತಲಿಲ್ಲ. ನಾನು ಎತ್ತಿದೆ. ಎಲ್ಲದಕ್ಕೂ ಮೊದಲು ಕೈ ಎತ್ತುವ ಚಟ ನನ್ನದು.

ನಮ್ಮಪ್ಪ ರೈಲ್ವೆ ವರ್ಕ್‌ಶಾಪಿನ ಆಫೀಸಿನಲ್ಲಿ ಹೆಡ್ ಕ್ಲರ್ಕ್. ನಮ್ಮ ಮನೆಯ ಹಿತ್ತಲಿನಾಚೆ ಕಾರವಾರದವರ ಚಾಳ ಇತ್ತು. ದೋಣಿ ನಡೆಸಿ ಮೀನು ಹಿಡಿಯುತ್ತಿದ್ದ ಮಂದಿ ಅವರು. ಹಗ್ಗ ಕಟ್ಟುವುದು, ಭಾರ ಎತ್ತುವುದು, ಎತ್ತರ ಹತ್ತುವುದು ಬಲ್ಲವರೆಂದು ವರ್ಕ್‌ಶಾಪಿನವರು ಅವರನ್ನು ಖಲಾಸಿಗಳನ್ನಾಗಿ ತಂದಿದ್ದರು. ಹದಿನೆಂಟು ಮನೆ. ಒಣಮೀನಿನ ವಾಸನೆ ಬಂದಾಗಲೆಲ್ಲ ನಮ್ಮವ್ವ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು, ಆದರೆ ಆ ಚಾಳಿನ ಶೇವಂತಿ ಮೌಶಿ ಬಂದರೆ ಹಿತ್ತಲ ಕಟ್ಟೆಯ ಮೇಲೆ ಕೂಡ್ರಿಸಿ ತಾಸುಗಟ್ಟಲೆ ಮಾತಾಡುತ್ತಿದ್ದಳು. ಮೌಶಿ ಎಂದರೆ ಚಿಕ್ಕವ್ವ. ಅವಳಿಗೆ ಗಂಡನಿರಲಿಲ್ಲ. ಒಬ್ಬನೇ ಮಗ ವಿಠು. ವರ್ಕ್‌ಶಾಪಿನಲ್ಲಿ ಬಾಯ್ಲರಿನ ಕೆಲಸ ಕಲಿತವನು ನೌಕಾದಳಕ್ಕೆ ಸೇರಿ, ನೀರಿನಲ್ಲಿ ಹುಗಿದಿಟ್ಟ ಬಾಂಬುಗಳನ್ನು ಹುಡುಕಿ ತೆಗೆಯುವ ಒಂದು ಸಣ್ಣ ಹಡಗಿನಲ್ಲಿ ಬಾಯ್ಲರಿಗೆ ಬೆಂಕಿ ಹಾಕುವ ಸ್ಟೋಕರ್ ಆಗಿದ್ದ. ನನಗೆ ಗೊತ್ತಿದ್ದ ಸೇಲರ್ ಅವನೇ.

ಹೀಗೆ ನಮ್ಮ ಶಾಲೆ ವಿಠುವಿನ ಹಡಗನ್ನು ದತ್ತು ತೆಗೆದುಕೊಂಡಿತು. ಹಡಗಿನ ಹೆಸರು ಹೇಳುವ ಹಾಗಿರಲಿಲ್ಲ, ಯುದ್ಧದ ಗುಟ್ಟು. ಒಂದು ನಂಬರು ಕೊಟ್ಟಿದ್ದರು. ಸಿಸ್ಟರ್ ಯಾವುದೋ ಮ್ಯಾಗಝಿನ್‌ನಿಂದ ಬೇರೆ ಯಾವುದೋ ಹಡಗಿನ ಚಿತ್ರ ಕತ್ತರಿಸಿ ಫ್ರೇಮು ಹಾಕಿಸಿ ಹಾಲಿನಲ್ಲಿ ತೂಗುಹಾಕಿದರು. ಅದರ ಕೆಳಗೆ ಕೂತು ಹುಬ್ಬಳ್ಳಿಯ ಬೇಸಗೆಯಲ್ಲಿ ನಾವು ಉಣ್ಣೆಯ ಕಾಲುಚೀಲ ಹೆಣೆದೆವು. ಬೆವರಿದ ಅಂಗೈಗೆ ಉಣ್ಣೆ ಮೆತ್ತಿಕೊಳ್ಳುತ್ತಿತ್ತು. ಬಾಯ್ಲರಿನ ಮುಂದೆ ಬರಿಮೈಯಲ್ಲಿ ನಿಲ್ಲುವವನು ಉಣ್ಣೆಯ ಕಾಲುಚೀಲ ಹಾಕಿಕೊಂಡು ಏನು ಮಾಡಬೇಕು ಎಂದು ಸಿಸ್ಟರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ನಾನು ಹೆಣೆದ ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ ನಾಲ್ಕು ಬೆರಳು ಉದ್ದ. "ಸಿಲ್ಲಿ ಗರ್ಲ್, ನಿನ್ನ ಸೇಲರ್ ಕುಂಟನೇನು?" ಅಂದರು ಸಿಸ್ಟರ್. ಆದರೂ ಅದಕ್ಕೆ ನನ್ನ ಹೆಸರಿನ ಚೀಟಿ ಪಿನ್ನು ಮಾಡಿ ಕಳಿಸಿದೆವು.

ಚಾಳಿನವರು ದತ್ತು ತೆಗೆದುಕೊಂಡ ರೀತಿಯೇ ಬೇರೆ. ಅದು ಶಾಲೆಗಿಂತ ಮೊದಲಿನದು. ವಿಠು ಹಡಗು ಹತ್ತಿದ ಸುದ್ದಿ ಬಂದ ವಾರವೇ ಚಾಳಿನ ಹಿರಿಯ ತಾಂಡೇಲ ಅಜ್ಜ, ರೈಲಿನ ಡಬ್ಬಿಗೆ ಬಳಸಿ ಉಳಿದ ಸಾಗವಾನಿಯ ತುಂಡಿನಲ್ಲಿ ಗೇಣುದ್ದದ ಒಂದು ಹಡಗು ಕೆತ್ತಿದ. ತಾಂಡೇಲ ಎಂದರೆ ದೋಣಿಯ ಮುಖ್ಯಸ್ಥ. ಅವನ ದೋಣಿ ತೂಫಾನಿನಲ್ಲಿ ಒಡೆದು ಮೂವತ್ತು ವರ್ಷವಾಗಿತ್ತು, ಹೆಸರು ಮಾತ್ರ ಹೋಗಿರಲಿಲ್ಲ. ಆ ಮರದ ಹಡಗನ್ನು ತೊಟ್ಟಿಲಿಗೆ ಹಾಕಿ, ಕುಂಕುಮ ಹಚ್ಚಿ, ಹೆಂಗಸರೆಲ್ಲ ಜೋಗುಳ ಹಾಡಿ, ಪಾರ್ವತಿ ಎಂದು ಹೆಸರಿಟ್ಟರು. ಒಡೆದುಹೋದ ಅಜ್ಜನ ದೋಣಿಯ ಹೆಸರು ಅದು. ಕರೆಯುವುದು ಪಾರೂ. ಅವರಲ್ಲಿ ದೋಣಿ ಎಂದರೆ ಮನೆಯ ಮಗಳು. ವರ್ಷಕ್ಕೊಮ್ಮೆ ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟು, ಗಂಡನ ಮನೆಯಿಂದ ಬಂದ ಮಗಳಿಗೆ ಮಾಡಿದ ಹಾಗೆ ದೋಣಿಗೆ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಹಸಿರು ಕುಬುಸದ ಖಣ ಇಟ್ಟು ಉಡಿ ತುಂಬುತ್ತಾರೆ. ದೋಣಿಯ ಉಡಿಗೆ ಗಂಡನಿದ್ದವಳು, ಇಲ್ಲದವಳು ಎಂಬ ಭೇದವಿಲ್ಲ.

ಆ ಹೆಸರಿಡುವ ದಿನ ನಮ್ಮ ಕಾಕಾ, ಅಪ್ಪನ ತಮ್ಮ, ಖಾದಿ ಟೊಪ್ಪಿಗೆ ಹಾಕಿಕೊಂಡು ಹಿತ್ತಲ ಗೋಡೆಯ ಮೇಲಿಂದ ಇಣುಕಿ ಒಂದು ಚುಚ್ಚು ಬಿಟ್ಟರು:

"ಏನ್ರೀ ತಾಂಡೇಲರ, ಇಂಗ್ಲೀಷರ ಹಡಗಕ್ಕ ಜೋಗುಳಾ ಹಾಡಲಿಕ್ಕತ್ತೀರಿ? ಅವರನ್ನ ಓಡಸಬೇಕಂತ ನಾವಿಲ್ಲೆ ಗಂಟಲಾ ಹರಕೊಳ್ಳಿಕ್ಕತ್ತೇವಿ!"

ಅಜ್ಜ ತೊಟ್ಟಿಲು ತೂಗುವುದನ್ನು ನಿಲ್ಲಿಸಲಿಲ್ಲ. "ಅಳಿಯಾ ಕೆಟ್ಟವ ಅದಾನ್ರಿ ರಾಯರ, ನನಗೂ ಗೊತ್ತೈತಿ. ಅದಕ್ಕಂತ ಮಗಳನ್ನ ಬಿಡಾಕ ಬರ್ತೈತೇನ್ರಿ? ಅಳಿಯನ್ನ ನೀವು ಓಡಸ್ರಿ. ಮಗಳ ಉಡಿ ನಾವು ತುಂಬ್ತೀವಿ."

ಕಾಕಾ ಕೂಡ ನಕ್ಕುಬಿಟ್ಟರು. ಸಂಜೆ ಚಾಳಿನಿಂದ ಬಂದ ಸಕ್ಕರೆಯನ್ನೂ ತಿಂದರು.

ವಿಠುವಿನ ಪತ್ರಗಳು ಬರತೊಡಗಿದಾಗ ನನ್ನ ದರಬಾರು ಶುರುವಾಯಿತು. ಹಡಗಿನಿಂದ ಹೋಗುವ ಪ್ರತಿ ಕಾಗದವನ್ನೂ ಸಾಹೇಬನೊಬ್ಬ ಓದಿ, ವೈರಿಗೆ ಗುಟ್ಟು ತಿಳಿಯಬಾರದೆಂದು ಊರಿನ ಹೆಸರು, ತಾರೀಖು ಇದ್ದಲ್ಲೆಲ್ಲ ಕತ್ತರಿ ಹಾಕುತ್ತಿದ್ದ. ಆ ಸಾಹೇಬನಿಗೆ ಕನ್ನಡ, ಕೊಂಕಣಿ ಬಾರದು. ಅದಕ್ಕೇ ವಿಠು ಹಡಗಿನ ಹರಕು ಹಿಂದುಸ್ತಾನಿಯಲ್ಲಿ ಹೇಳಿದ್ದನ್ನು ಅವನ ಜೊತೆಗಾರ, ಮಲಬಾರಿನ ಜೋಸೆಫ್ ಎಂಬುವನು, ಇಂಗ್ಲಿಷಿನಲ್ಲಿ ಬರೆದು ಕೊಡುತ್ತಿದ್ದ. ಚಾಳಿನಲ್ಲಿ ಇಂಗ್ಲಿಷ್ ಓದುವವರು ಯಾರೂ ಇಲ್ಲ. ಅಪ್ಪನಿಗೆ ಪುರಸೊತ್ತಿಲ್ಲ. ನಾನಿದ್ದೆನಲ್ಲ, ಹದಿನಾಲ್ಕು ವರ್ಷದ ಮಹಾಪಂಡಿತೆ! ಎಲೊಕ್ಯೂಶನ್‌ನಲ್ಲಿ ಪ್ರೈಝು ಪಡೆದವಳು!

ಭಾನುವಾರ ಬೆಳಿಗ್ಗೆ ಚಾಳಿನ ಬೇವಿನ ಮರದ ಕೆಳಗೆ ನನಗೊಂದು ಮಣೆ ಹಾಕುತ್ತಿದ್ದರು. ಮೌಶಿ ಎದುರಿಗೆ ಕೂಡುವಳು. ಕಾಗದವನ್ನು ಎತ್ತಿ ಹಿಡಿದರೆ ಕತ್ತರಿಸಿದ ತೂತುಗಳಿಂದ ಬಿಸಿಲು ತೂರಿ ಅವಳ ಮೋರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು.

"ಮೊದಲ ಇಂಗ್ಲೀಷ್ ಓದವ್ವಾ," ಎನ್ನುತ್ತಿದ್ದ ತಾಂಡೇಲ ಅಜ್ಜ. "ಕೇಳಾಕ ಛಲೋ ಇರ್ತೈತಿ. ತಿಳಿಯೂದು ಆಮ್ಯಾಲ ನೋಡೂಣು."

ನಾನು ಸಿಸ್ಟರ್ ಕಲಿಸಿದ ಹಾಗೆ ಗಂಟಲು ಸರಿಮಾಡಿಕೊಂಡು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದುತ್ತಿದ್ದೆ. ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದೆ. ಬಾಯ್ಲರ್ ಕೋಣೆಯಲ್ಲಿ ಭಾಳ ಸೆಖೆ. ಕಾಲುಚೀಲ ಮುಟ್ಟಿದವು, ಹುಡುಗಿಯರಿಗೆ ಥ್ಯಾಂಕ್ಸ್ ಹೇಳಿರಿ. ಊಟಕ್ಕೆ ಬೇಳೆ, ಡಬ್ಬಿಯಲ್ಲಿ ಬಂದ ಮಾಂಸ. ಮೀನು ಇಲ್ಲ.

"ಮೀನಿಲ್ಲಾ?" ಚಾಳಿಗೆ ಚಾಳೇ ಎದ್ದು ಕೂತಿತು. "ಸಮುದ್ರದ ಮ್ಯಾಲ ಕುಂತು ಮೀನಿಲ್ಲಂತ! ಎಂಥಾ ಅಳಿಯಾ ರೀ ಇವ, ಮಗಳ ಮನ್ಯಾಗ ಬಂದವಗ ಮೀನ ಹಾಕಾಂಗಿಲ್ಲ!"

ಮೊದಲ ಪತ್ರದಲ್ಲಿ ಒಂದು ತೂತು ಇತ್ತು. 'ನಿನ್ನೆ ನಾವು' ಎಂದು ಇತ್ತು, ಆಮೇಲೆ ತೂತು, ಆಮೇಲೆ 'ನೋಡಿದೆವು'. ಮೌಶಿ ಬೆರಳನ್ನು ಆ ತೂತಿನಲ್ಲಿ ತೂರಿಸಿ, "ಇಲ್ಲೇನಿತ್ತು ಬಾಯ್?" ಎಂದು ಕೇಳಿದಳು. ಅವರಲ್ಲಿ ಹುಡುಗಿಯರನ್ನು ಬಾಯ್ ಅಂತಲೇ ಕರೆಯುವುದು. ಅದೇ ವಾರ ಶಾಲೆಯಲ್ಲಿ 'ಫಿಲ್ ಇನ್ ದ ಬ್ಲ್ಯಾಂಕ್ಸ್' ಪರೀಕ್ಷೆ ಆಗಿತ್ತು. ಹಿಂದಿನ ಮಾತು, ಮುಂದಿನ ಮಾತು ನೋಡಿದರೆ ನಡುವಿನ ಮಾತು ತಾನೇ ಹೊಳೆಯುತ್ತದೆ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ನನಗೆ ಹತ್ತಕ್ಕೆ ಹತ್ತು. ತಡಮಾಡದೆ ಹೇಳಿದೆ:

"ತಿಮಿಂಗಿಲಾ, ಮೌಶಿ."

"ತಿಮಿಂಗಿಲಾ!" ಮೌಶಿಯ ಕಣ್ಣು ಅರಳಿದವು. ಅಜ್ಜ ಮಾತ್ರ ಬೀಡಿ ಬಾಯಿಂದ ತೆಗೆದು, "ಈ ದಿವಸದಾಗ ತಿಮಿಂಗಿಲಾ ಎಲ್ಲಿ ಬರ್ತಾವು?" ಅಂದ. ನಾನು ಕೇಳಿಸದವಳ ಹಾಗೆ ಮುಂದೆ ಓದಿದೆ.

ಆಮೇಲೆ ಅದು ರೂಢಿಯೇ ಆಯಿತು. ಪ್ರತಿ ತೂತಿಗೂ ಒಂದು ಮಾತು. ಜಾಗ್ರಫಿ ಪುಸ್ತಕದಲ್ಲಿ ಎಷ್ಟು ಬಂದರುಗಳಿದ್ದವೋ ಅಷ್ಟೂ ಬಂದರುಗಳಲ್ಲಿ ಪಾರೂಳನ್ನು ನಿಲ್ಲಿಸಿ ಬಂದೆ. ಯಾರಿಗೆ ಏನು ಕೆಟ್ಟದ್ದಾಯಿತು? ಚಾಳಿನವರು ವಾರವೆಲ್ಲ ಅದನ್ನೇ ಮಾತಾಡುತ್ತಿದ್ದರು. ನಲ್ಲಿಯ ಹತ್ತಿರ ನನ್ನನ್ನು ಕಂಡರೆ ದಾರಿ ಬಿಡುತ್ತಿದ್ದರು. 'ಗೊತ್ತಿಲ್ಲ' ಎನ್ನುವ ಒಂದೇ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಅಷ್ಟು ಇಂಗ್ಲಿಷ್ ಕಲಿತಿದ್ದೆ, 'ಐ ಡೋಂಟ್ ನೋ' ಮಾತ್ರ ಕಲಿತಿರಲಿಲ್ಲ.

ಮಾರನೆಯ ವರ್ಷದ ಚಳಿಗಾಲದಲ್ಲಿ ಆ ಪತ್ರ ಬಂತು. ಅದನ್ನು ಇವತ್ತಿಗೂ ಬಾಯಿಪಾಠ ಹೇಳಬಲ್ಲೆ. 'ನಮ್ಮ ಹಡಗು' ಎಂದಿತ್ತು. ಆಮೇಲೆ ಹೆಬ್ಬೆರಳು ತೂರುವಷ್ಟು ತೂತು. 'ಅಲ್ಲಿ ಎರಡು ದಿನ ನಿಲ್ಲುತ್ತದೆ,' ಆಮೇಲೆ ತಾರೀಖು ಇದ್ದಲ್ಲಿ ಇನ್ನೊಂದು ಸಣ್ಣ ತೂತು. 'ಆಯಿ ಅಲ್ಲಿಗೆ ಬರಲಿ. ನಾವು ದಂಡೆಗೆ ಇಳಿಯುವಂತಿಲ್ಲ, ಆದರೆ ಆಯಿಯನ್ನು ನಾನು ನೋಡಬಹುದು. ಪಾರೂನ ಉಡಿಯನ್ನು ಈ ಸಲ ಆಯಿ ತಾನೇ ತುಂಬಲಿ.' ಸಾಹೇಬ ಊರನ್ನು ಕತ್ತರಿಸಿದ್ದ, ತಾರೀಖು ಕತ್ತರಿಸಿದ್ದ. 'ಆಯಿ ಬರಲಿ', ಅವ್ವ ಬರಲಿ, ಎಂಬುದನ್ನು ಹಾಗೇ ಬಿಟ್ಟಿದ್ದ.

ಮೌಶಿ ಮೊಣಕಾಲ ಮೇಲೆ ಎದ್ದು ಕೂತಳು. "ಎಲ್ಲಿಗಿ ಬರ್ಲಿ ಅಂತಾನ ಬಾಯ್?"

ನಾನು ಕಾಗದವನ್ನು ನೋಡಿದೆ. ಹಡಗು ಎಂದರೆ ನನ್ನ ತಲೆಯಲ್ಲಿ ಮುಂಬಯಿ. ಪತ್ರ ಹಾಕುವ ವಿಳಾಸವೂ ಮುಂಬಯಿಯದೇ. ಹಿಂದಿನ ಮಾತು, ಮುಂದಿನ ಮಾತು.

"ಮುಂಬಯಿಗೆ."

"ಯಾವಾಗ?"

"ಬರೋ ವಾರ, ಮೌಶಿ."

ತಾಂಡೇಲ ಅಜ್ಜ ಹತ್ತಿರ ಬಂದು ಬಗ್ಗಿ ನೋಡಿದ. "ಮುಂಬಯಿ ಅಂತ ಬರದೈತೇನವ್ವಾ? ಅಲ್ಲಿ ತೂತ ಐತೆಲ್ಲ?"

ನನಗೆ ಸಿಟ್ಟು ಬಂತು. "ಅಜ್ಜಾ, ಇಂಗ್ಲೀಷ್ ಓದೋರಿಗೆ ಹಿಂದ ಮುಂದ ನೋಡಿದ್ರ ತಿಳೀತದ. ನಿಮಗ ಗೊತ್ತಾಗೂದಿಲ್ಲ ಅದು."

ಅಜ್ಜ ತನ್ನ ಜಾಗಕ್ಕೆ ಹೋಗಿ ಕೂತ. ಓದಿದವರು ಎಂದರೆ ಅವನಿಗೆ ಅಷ್ಟು ಗೌರವ.

ಮರುದಿನವೇ ಹೊರಡುತ್ತೇನೆ ಎಂದಳು ಮೌಶಿ. ಮರುದಿನ ಅಮವಾಸ್ಯೆ, ಅಮವಾಸ್ಯೆಗೆ ನೀರಿನ ಕಡೆ ಹೋಗಬಾರದು ಎಂದು ಅಜ್ಜ ಒಂದು ದಿನ ತಡೆದ. ಆ ಒಂದು ದಿನದಲ್ಲಿ ಚಾಳಿನ ಹದಿನೆಂಟು ಮನೆಯಿಂದಲೂ ಒಂದೊಂದು ಹಿಡಿ ಅಕ್ಕಿ ಬಂತು. ರೇಶನ್ ಕಾಲ, ಅಕ್ಕಿ ಸಿಗುತ್ತಿರಲಿಲ್ಲ. ನಮ್ಮವ್ವ ಗುಳೇದಗುಡ್ಡದ ಹಸಿರು ಖಣ ಕೊಟ್ಟಳು, ತನ್ನ ಪೆಟ್ಟಿಗೆಯ ತಳದಲ್ಲಿದ್ದ ಹೊಸ ಖಣ. ಸ್ಟೇಶನ್ನಿಗೆ ಎಲ್ಲರೂ ಹೋದೆವು. ಹುಬ್ಬಳ್ಳಿಯಿಂದ ಪುಣೆ, ಪುಣೆಯಲ್ಲಿ ಇಳಿದು ಇನ್ನೊಂದು ಗಾಡಿ. ಮೌಶಿ ಒಬ್ಬಳೇ. ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಲ್ಲಿ ಕೂತವಳು ನನಗೆ, "ನೀ ಓದಿದ್ಯಲ್ಲ ಬಾಯ್, ನಿನ್ನ ಬಾಯಾಗ ಸಕ್ರಿ ಬೀಳ್ಲಿ" ಅಂದಳು.

ಎಂಟು ದಿನಕ್ಕೆ ತಿರುಗಿ ಬಂದಳು. ಹಸಿರು ಖಣ ಗಂಟಿನಲ್ಲಿ ಹಾಗೇ ಇತ್ತು. ಬಂದರಿನ ಡಾಕಿನ ಗೇಟಿನಲ್ಲಿ ಪಹರೆಯವನು ಒಳಗೆ ಬಿಡಲಿಲ್ಲ. ನಾಲ್ಕು ದಿನ ಗೇಟಿನ ಹೊರಗೆ ನಿಂತಿದ್ದಳಂತೆ. ನಂಬರು ಹೇಳಿದರೆ ಅಂಥ ನಂಬರೇ ಇಲ್ಲ ಎಂದನಂತೆ ಒಬ್ಬ, ಇದ್ದರೂ ಹೇಳುವುದಿಲ್ಲ ಎಂದನಂತೆ ಇನ್ನೊಬ್ಬ.

"ಭಾಳ ಹಡಗ ಇದ್ದುವು ಬಾಯ್," ಅಂದಳು ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು. "ನಮ್ಮ ಪಾರೂ ಯಾವಾಕಿ ಅಂತ ತಿಳೀಲಿಲ್ಲ. ಗ್ವಾಡಿ ಮ್ಯಾಲಿಂದ ಎಷ್ಟ ಕಂಡ್ವೋ ಅಷ್ಟಕ್ಕೂ ಕುಂಕುಮಾ ತೋರಿಸಿ ಬಂದೆ. ಅದರಾಗ ಒಬ್ಬಾಕಿ ಆಕೀನ ಇರಬೇಕು." ಖಣವನ್ನು ಮತ್ತೆ ಗಂಟಿಗೆ ಸೇರಿಸುತ್ತ, "ಇಲ್ಲಾ, ನಾ ಹೋಗೂದ್ರಾಗ ಹೋಗಿಬಿಟ್ಟಿದ್ಲು ಕಾಣ್ತೈತಿ. ಒಂದ ದಿನಾ ತಡಾ ಆತು."

ಗೋಡೆಯಾಚೆ ಕೂತಿದ್ದ ಅಜ್ಜ ಅದನ್ನು ಕೇಳಿದ. ಅಮವಾಸ್ಯೆಗೆ ತಡೆದವನು ಅವನು. ಅವತ್ತಿನಿಂದ ಅವನು ಅಮವಾಸ್ಯೆಯ ಮಾತೇ ಎತ್ತಲಿಲ್ಲ.

ನನಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ ಎಂದು ಹೇಳಿದರೆ ನಂಬುತ್ತೀರಾ? ನಾನು ತುಂಬಿದ ಜಾಗ ತಪ್ಪಾಗಿರಬಹುದು ಎಂಬ ಯೋಚನೆ ಕೂಡ ಬರಲಿಲ್ಲ. ಪಾಪ ಮೌಶಿ, ಟ್ರೇನು ತಡವಾಯಿತು ಎಂದುಕೊಂಡು ಊಟಕ್ಕೆ ಹೋದೆ.

ತಿಂಗಳೊಪ್ಪತ್ತಿಗೆ ನೌಕಾದಳದಿಂದ ತಂತಿ ಬಂತು. ಅದನ್ನು ನನ್ನಿಂದ ಓದಿಸಲಿಲ್ಲ. ಅಪ್ಪ ಆಫೀಸು ಬಿಟ್ಟು ಮಟಮಟ ಮಧ್ಯಾಹ್ನ ಕೋಟು ಹಾಕಿಕೊಂಡೇ ಚಾಳಿಗೆ ಹೋದರು. ಬಾಯ್ಲರ್ ಕೋಣೆಯಲ್ಲಿ ಕೊಳವೆ ಒಡೆದು, ಉಗಿಯಲ್ಲಿ ಬೆಂದು ವಿಠು ಹೋಗಿದ್ದ. ದೇಹವನ್ನು ನೀರಿಗೆ ಕೊಟ್ಟಿದ್ದರು. ಹಡಗಿಗೆ ಏನೂ ಆಗಿರಲಿಲ್ಲ.

ಚಾಳಿನ ಗಂಡಸರು ಕೆಲವರು ಮರದ ಹಡಗನ್ನು ಒಲೆಗೆ ಹಾಕಲು ಹೊರಟರು. ಮಗನನ್ನು ತಿಂದವಳು ಅಂದರು. ಮೌಶಿ ಅದನ್ನು ಕಸಿದು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. "ಮಗಳ ಮನ್ಯಾಗ ಮಗಾ ಸತ್ರ ಮಗಳನ್ನ ಬಿಟ್ಟಬಿಡ್ತಾರೇನ್ರೋ? ಆಕೀನ ಅಲ್ಲೇನು ಅವನ್ನ ಕಡೀಗೆ ನೋಡಿದಾಕಿ?" ಎಂದಳು. 

ಶಾಲೆಯಲ್ಲಿ ಸಿಸ್ಟರ್ ಆಗ್ನೆಸ್ ವಿಠುವಿಗಾಗಿ ನಮ್ಮನ್ನು ಎರಡು ನಿಮಿಷ ಸುಮ್ಮನೆ ನಿಲ್ಲಿಸಿದರು. ಎರಡು ನಿಮಿಷವಾದ ಮೇಲೆ ಕೂತು ಮಫ್ಲರ್ ಹೆಣೆದೆವು.

ಆಮೇಲೆ ಎರಡು ತಿಂಗಳಿಗೆ ಜೋಸೆಫ್ ಬಂದ. ರಜೆಯ ಮೇಲೆ ಊರಿಗೆ ಹೋಗುವವನು, ವಿಠುವಿನ ತಗಡಿನ ಪೆಟ್ಟಿಗೆ ಕೊಡಲು ಹುಬ್ಬಳ್ಳಿಯಲ್ಲಿ ಇಳಿದಿದ್ದ. ಕಪ್ಪಗೆ, ಸಣ್ಣಗೆ, ಮೆಲುದನಿಯ ಮನುಷ್ಯ. ಕನ್ನಡ ಬಾರದು, ಕೊಂಕಣಿ ಬಾರದು, ಅವನ ಹಿಂದುಸ್ತಾನಿ ಚಾಳಿಗೆ ತಿಳಿಯದು. ನನ್ನನ್ನು ಕರೆಸಿದರು. ಅದೇ ಬೇವಿನ ಮರ, ಅದೇ ಮಣೆ.

ಪೆಟ್ಟಿಗೆಯಲ್ಲಿ ಎರಡು ಅಂಗಿ, ಒಂದು ಬಾಚಣಿಗೆ, ಪತ್ರಗಳು. ಎಲ್ಲಕ್ಕಿಂತ ಕೆಳಗೆ ಒಂದು ಉದ್ದ, ಒಂದು ಗಿಡ್ಡ ಉಣ್ಣೆಯ ಕಾಲುಚೀಲ. ನನ್ನ ಹೆಸರಿನ ಚೀಟಿಯೂ ಪಿನ್ನೂ ಹಾಗೇ ಇದ್ದವು. ಪಿನ್ನು ತುಕ್ಕು ಹಿಡಿದಿತ್ತು.

ಜೋಸೆಫ್ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದ, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ವಿಠು ಒಳ್ಳೆಯವನು. ಎಲ್ಲರನ್ನೂ ನಗಿಸುತ್ತಿದ್ದ. ಹಡಗಿಗೆ ಅವನು ಪಾರೂ ಎಂದು ಕರೆದು ಕರೆದು ಕಡೆಗೆ ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಇಲ್ಲಿಯವರೆಗೆ ಸರಿ. ಆಮೇಲೆ ಅವನು ಅಂದ:

"ಕಾರವಾರದಲ್ಲಿ ಎರಡು ದಿನ ನಿಂತಿದ್ದೆವು. ಅವನ ಹುಟ್ಟೂರಿನ ಗುಡ್ಡ ಎದುರಿಗೇ ಕಾಣುತ್ತಿತ್ತು. ಪತ್ರ ನಾನೇ ಬರೆದಿದ್ದೆ. 'ನಮ್ಮ ಮಂದಿ ಇನ್ನೂ ಅಲ್ಲಿದ್ದಾರೆ, ಆಯಿ ಯಾರದಾದರೂ ದೋಣಿಯಲ್ಲಿ ಹತ್ತಿರ ಬಂದೇ ಬರುತ್ತಾಳೆ' ಅಂತಿದ್ದ ವಿಠು. ಕೆಲಸ ಮುಗಿಸಿ ಎರಡೂ ದಿನ ಡೆಕ್ಕಿನ ಮೇಲೇ ನಿಂತಿದ್ದ. ಪ್ರತಿ ದೋಣಿ ಬಂದಾಗಲೂ ಟೊಪ್ಪಿಗೆ ತೆಗೆದು ಬೀಸುತ್ತಿದ್ದ. ಅವರು ಯಾಕೆ ಬರಲಿಲ್ಲ, ಕೇಳು."

ಕಾರವಾರ. ಹುಬ್ಬಳ್ಳಿಯಿಂದ ಘಟ್ಟ ಇಳಿದರೆ ಒಂದು ದಿನದ ಮೋಟಾರು ದಾರಿ. ಮೌಶಿಯ ತವರು, ಅಣ್ಣತಮ್ಮಂದಿರ ದೋಣಿಗಳು ಕಟ್ಟಿದ್ದ ದಂಡೆ. ಅವಳು ಮುಂಬಯಿಯ ಗೋಡೆಯ ಮೇಲಿಂದ ಯಾರು ಯಾರದೋ ಹಡಗಿಗೆ ಕುಂಕುಮ ತೋರಿಸುತ್ತಿದ್ದಾಗ, ಅಥವಾ ಅದಕ್ಕೂ ಮೊದಲೋ ಆಮೇಲೋ, ಅವಳ ಪಾರೂ ಅವಳ ತವರುಮನೆಯ ಬಾಗಿಲಲ್ಲಿ ನಿಂತು ಹೋಗಿದ್ದಳು.

ಮೌಶಿ ನನ್ನ ಮೋರೆ ನೋಡುತ್ತಿದ್ದಳು. "ಕಾರವಾರ ಅಂದ್ನಲ್ಲ ಬಾಯ್? ಏನದು?"

ಇಂಗ್ಲಿಷಿನ ನಡುವೆಯೂ ಊರಿನ ಹೆಸರು ಅವಳಿಗೆ ಕೇಳಿಸಿಬಿಟ್ಟಿತ್ತು. 

"ವಿಠು ಯಾವಾಗಲೂ... ಕಾರವಾರದ ಮಾತೇ ಆಡ್ತಿದ್ದ ಅಂತ ಹೇಳ್ತಾರ, ಮೌಶಿ."

"ಹೇಳಿದೆಯಾ?" ಎಂದ ಜೋಸೆಫ್. "ಯೆಸ್," ಅಂದೆ. "ಏನೆಂದರು?" ಎಂದು ಅವನು ಮತ್ತೆ ಕೇಳಿದ. ಮೌಶಿ ಆಗ ಕಾಲುಚೀಲವನ್ನು ಕೈಯಲ್ಲಿ ತೆಗೆದುಕೊಂಡು, ಉದ್ದದ್ದನ್ನೂ ಗಿಡ್ಡದ್ದನ್ನೂ ತೊಡೆಯ ಮೇಲೆ ಜೋಡಿಸಿ ಸರಿಮಾಡುತ್ತಿದ್ದಳು. "ಅವರಿಗೆ ಹುಷಾರಿರಲಿಲ್ಲವಂತೆ," ಎಂದು ಒಳ್ಳೆಯ ಇಂಗ್ಲಿಷಿನಲ್ಲಿ, ಒಳ್ಳೆಯ ಪ್ರನನ್ಸಿಯೇಶನ್ನಿನಲ್ಲಿ ಹೇಳಿದೆ.

ಎರಡು ಭಾಷೆ ಕಲಿತದ್ದಕ್ಕೆ ಎರಡರಲ್ಲೂ ಸುಳ್ಳು ಹೇಳಿದೆ. ತಾಂಡೇಲ ಅಜ್ಜ ದೂರದಲ್ಲಿ ಬೀಡಿ ಹಿಡಿದು ಕೂತಿದ್ದ. ಸೇದುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ. ಅವನೂ 'ಕಾರವಾರ' ಎಂಬುದನ್ನು ಕೇಳಿದ್ದ. ಅವನು ಒಂದು ಮಾತು ಬೈದಿದ್ದರೆ ನಾನು ಎಲ್ಲ ಹೇಳಿಬಿಡುತ್ತಿದ್ದೆನೇನೋ. ಬೈಯಲಿಲ್ಲ. ಅವನ ಅಮವಾಸ್ಯೆ ಅವನ ಎದೆಯ ಮೇಲೆ ಕೂತಿತ್ತು. ಅದನ್ನು ಇಳಿಸಲು ನನ್ನ ಒಂದು ಮಾತು ಸಾಕಾಗಿತ್ತು, ನಾನು ಅದನ್ನೂ ಆಡಲಿಲ್ಲ.

ಯುದ್ಧ ಮುಗಿದ ವಾರವೇ ಸಿಸ್ಟರ್ ಹಾಲಿನಿಂದ ಹಡಗಿನ ಚಿತ್ರ ಇಳಿಸಿದರು. ಫ್ರೇಮು ಚೆನ್ನಾಗಿತ್ತು ಎಂದು ಅದಕ್ಕೆ ಗುಲಾಬಿಯ ಬುಟ್ಟಿಯ ಒಂದು ಚಿತ್ರ ಹಾಕಿದರು. ಉಳಿದ ಸೂಜಿಗಳನ್ನು ನಮಗೇ ಕೊಟ್ಟರು. ಅಲ್ಲಿಗೆ ನಮ್ಮ ದತ್ತು ಮುಗಿಯಿತು.

ಚಾಳಿನವರದು ಮುಗಿಯಲಿಲ್ಲ. ಪ್ರತಿ ನೂಲಹುಣ್ಣಿಮೆಗೂ ಮರದ ಪಾರೂಳನ್ನು ಬುಟ್ಟಿಯಲ್ಲಿಟ್ಟುಕೊಂಡು ಉಣಕಲ್ ಕೆರೆಗೆ ನಡೆದು ಹೋಗುತ್ತಿದ್ದರು. ನೀರಿನ ಮೇಲೆ ತೇಲಿಸಿ, ಉಡಿ ತುಂಬಿ, ಮತ್ತೆ ಎತ್ತಿಕೊಂಡು ಬರುತ್ತಿದ್ದರು. ಯುದ್ಧದ ಸಣ್ಣ ಹಡಗುಗಳನ್ನೆಲ್ಲ ಒಡೆದು ಕಬ್ಬಿಣಕ್ಕೆ ಹಾಕುತ್ತಿದ್ದಾರೆ ಎಂದು ಕಾಕಾ ಪೇಪರಿನಲ್ಲಿ ಓದಿ ಹೇಳಿದರು. ಆಮೇಲೆ ವರ್ಕ್‌ಶಾಪಿಗೆ ಹಳೆ ಕಬ್ಬಿಣದ ವ್ಯಾಗನ್ ಬಂದಾಗಲೆಲ್ಲ ಅಜ್ಜ ಹೋಗಿ ಒಂದೊಂದು ತಗಡನ್ನೂ ಅಂಗೈಯಿಂದ ಸವರಿ ನೋಡುತ್ತಿದ್ದನಂತೆ. ಉಪ್ಪು ಹಿಡಿದ ಕಬ್ಬಿಣ ಕೈಗೆ ಗೊತ್ತಾಗುತ್ತದೆ ಎನ್ನುತ್ತಿದ್ದನಂತೆ. ಹಾಗೆ ಸವರುತ್ತಲೇ ಒಂದು ಮಳೆಗಾಲದಲ್ಲಿ ಅವನೂ ತೀರಿಕೊಂಡ.

ನನಗೆ ಮದುವೆಯಾಯಿತು. ಧಾರವಾಡಕ್ಕೆ ಹೋದೆ. ಮದುವೆಯಾದ ಮೊದಲ ಶ್ರಾವಣದಲ್ಲಿ ಪಂಚಮಿಗೆ ತವರಿಗೆ ಬಂದವಳು ನೂಲಹುಣ್ಣಿಮೆಯ ದಿನ ತಿರುಗಿ ಹೊರಟೆ. ಅವ್ವ ನನ್ನ ಉಡಿ ತುಂಬಿದ್ದಳು. ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಹಸಿರು ಖಣ. ಸೆರಗಿನಲ್ಲಿ ಅದನ್ನು ಕಟ್ಟಿಕೊಂಡೇ ಬಸ್ಸಿನಲ್ಲಿ ಕೂತಿದ್ದೆ. ಆ ಕಾಲದ ಬಸ್ಸು, ಉಣಕಲ್ಲಿಗೆ ಬರುವಷ್ಟರಲ್ಲಿ ಬಾಯಾರಿ ನಿಂತಿತು. ಕ್ಲೀನರ್ ಡಬ್ಬಿ ಹಿಡಿದು ನೀರಿಗೆ ಇಳಿದ. ನಾನು ಕಿಟಕಿಯಿಂದ ನೋಡಿದರೆ, ಕೆರೆಯ ದಂಡೆಯಲ್ಲಿ ಶೇವಂತಿ ಮೌಶಿ. ಒಬ್ಬಳೇ. ಚಾಳಿನ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದ ಕಾಲ ಅದು.

ಇಳಿದು ಹೋದೆ. ಅವಳು ನನ್ನ ತುಂಬಿದ ಸೆರಗು ನೋಡಿದಳು, ಕೊರಳು ನೋಡಿದಳು, ಗಲ್ಲ ಸವರಿದಳು. "ಸಂತೋಷಾತು ಬಾಯ್. ಧಾರವಾಡ ಅಂದ್ರ ಸನೇಕ. ಬರ್ತಾ ಹೋಗ್ತಾ ಇರು." ಮರದ ಪಾರೂ ಬುಟ್ಟಿಯಲ್ಲಿದ್ದಳು. ಬಣ್ಣ ಉದುರಿತ್ತು. ಹೊಗೆಕೊಳವೆ ಎಂದು ಹಚ್ಚಿದ್ದ ತಗಡು ಬಿದ್ದುಹೋಗಿತ್ತು.

ಮೌಶಿ ಸೊಂಟದ ಚೀಲದಿಂದ ಎಣ್ಣೆಕಾಗದದ ಒಂದು ಮಡಿಕೆ ತೆಗೆದಳು. ಬಿಡಿಸಿ, ನನ್ನ ಕೈಗೆ ಕೊಟ್ಟಳು. ಮಡಿಕೆಯ ಗೆರೆಗಳಲ್ಲಿ ಹರಿಯುತ್ತಿದ್ದ ಆ ಕಾಗದ. ಹೆಬ್ಬೆರಳಷ್ಟು ತೂತು.

"ಇನ್ನೊಮ್ಮೆ ಓದಿ ಹೇಳು ಬಾಯ್. ಇಲ್ಲೇನಿತ್ತು?"

ಕಾಗದವನ್ನು ಎತ್ತಿ ಹಿಡಿದೆ. ತೂತಿನೊಳಗಿಂದ ಕೆರೆಯ ನೀರು ಕಾಣುತ್ತಿತ್ತು. ಹೇಳಬೇಕಿತ್ತು. ಆಗ ನಾನು ಶಾಲೆಯ ಹುಡುಗಿಯಲ್ಲ. ಅವಳು ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಬಾಗಿಲು ತೆಗೆದಿಟ್ಟು ಕೂತವರ ಹಾಗೆ ಕೂತಿದ್ದಳು. ನನ್ನ ಉಡಿಯ ಅಕ್ಕಿ ಹೊಟ್ಟೆಗೆ ಒತ್ತುತ್ತಿತ್ತು.

"ಮುಂಬಯಿ ಅಂತ ಇತ್ತು, ಮೌಶಿ."

"ಬ್ಯಾರೆ ಏನರ ಇತ್ತೇನು? ಸರಿಯಾಗಿ ನೋಡು."

"ಇಲ್ಲ ಮೌಶಿ. ಮುಂಬಯಿ."

ಅವಳು ಕಾಗದವನ್ನು ನಿಧಾನವಾಗಿ ಇಸಿದುಕೊಂಡಳು. ನಾಲ್ಕು ಮಡಿಕೆ ಮಾಡಿದಳು. "ಓದಿದಾಕಿ ನೀನಽ ಹೇಳ್ತಿ ಅಂದ್ರ ಹಂಗಽ ಇರಬೇಕು ಬಿಡು," ಅಂದಳು.

ಬಸ್ಸಿನವನು ಹಾರ್ನು ಹೊಡೆದ. ಹೋಗಿ ಕೂತೆ. ಬಸ್ಸು ತಿರುವಿನಲ್ಲಿ ಏರುವಾಗ ಕತ್ತು ಹೊರಗೆ ಹಾಕಿ ನೋಡಿದೆ. ಶೇವಂತಿ ಮೌಶಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಪಾರೂಳ ಮೇಲೆ ಒಂದೊಂದೇ ಹಿಡಿ ಅಕ್ಕಿ ಹಾಕುತ್ತಿದ್ದಳು. ಭಾರಕ್ಕೆ ಅದು ವಾಲುತ್ತಿತ್ತು, ಅವಳು ಒಂದು ಕೈಯಿಂದ ಆನಿಸಿ ಹಿಡಿದಿದ್ದಳು. ನಾನು ಕೈ ಬೀಸಿದೆ. ಅವಳು ಈ ಕಡೆ ನೋಡಲಿಲ್ಲ.